ಪಡುವಣ ದಡದ ನೀರು

ವಿಲ್ಬಿ ಊರಿನಲ್ಲಿ ಇವತ್ತು ನಲವತ್ತು ದಾಟಿದವರೆಲ್ಲ ಒಂದಲ್ಲ ಒಂದು ದಿನ ವಾಲ್ಡಾ ಚಿಲ್ಕಾಟಳ ಬಸ್ಸಿನ ದೆಸೆಯಿಂದ ಶಾಲೆಗೆ ತಡವಾಗಿ ಹೋಗಿ ಬೈಸಿಕೊಂಡವರೇ. ಬಸ್ಸಿನಲ್ಲೇನೂ ದೋಷವಿರಲಿಲ್ಲ. ರಸ್ತೆಯಲ್ಲಿ ಯಾವುದಾದರೂ ಪ್ರಾಣಿ ಗಾಡಿಗೆ ಸಿಕ್ಕಿ ಸತ್ತು ಬಿದ್ದಿದ್ದರೆ ವಾಲ್ಡಾ ಬಸ್ಸು ನಿಲ್ಲಿಸಿ ಇಳಿದುಬಿಡುತ್ತಿದ್ದಳು. ಸತ್ತದ್ದು ಹೆಣ್ಣಾಗಿದ್ದರೆ ಕಾಂಗರೂವಿನ ಹಾಗೆ ಮರಿ ಹೊರುವ ಹೊಟ್ಟೆಯ ಚೀಲಕ್ಕೆ ಕೈಹಾಕಿ ನೋಡಬೇಕು, ಒಳಗೆ ಮರಿ ಬದುಕಿರಬಹುದು. ಟಾಸ್ಮೇನಿಯಾದಲ್ಲಿ ಹುಟ್ಟಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಗೊತ್ತಿದ್ದೂ ಮೂಗು ಮುಚ್ಚಿಕೊಂಡು ಮುಂದೆ ಹೋಗುವವರೇ ಹೆಚ್ಚು, ಅದು ಬೇರೆ ಮಾತು. ವಾಲ್ಡಾ ಒಂದು ದಿನವೂ ಹಾಗೆ ಹೋದವಳಲ್ಲ. ಹೆಡ್ಮಾಸ್ತರು ಕರೆದು ಗದರಿಸಿದರೆ ತಲೆಯಾಡಿಸಿ ಕೇಳಿಸಿಕೊಂಡು, ಮಾರನೆಯ ದಿನ ಮತ್ತೆ ಅದನ್ನೇ ಮಾಡುತ್ತಿದ್ದಳು.

ಹಾಗೆ ಸಿಕ್ಕಿದ ಮೊದಲ ವೊಂಬ್ಯಾಟ್ ಮರಿಗೆ ಮೈಮೇಲೆ ಕೂದಲೂ ಇರಲಿಲ್ಲ. ವಾಲ್ಡಾ ಅದನ್ನು ಸ್ವೆಟರಿನೊಳಗೆ ಎದೆಗೆ ಅವಚಿಕೊಂಡೇ ಸಂಜೆಯವರೆಗೂ ಬಸ್ಸು ಓಡಿಸಿದಳು. ವೊಂಬ್ಯಾಟ್ ಬೆಳೆದರೆ ದಪ್ಪ ಹಂದಿಮರಿಯಷ್ಟಾಗುತ್ತದೆ, ಕರಡಿಯ ಹಾಗೆ ಮೈತುಂಬ ಕೂದಲು, ಗುದ್ದಲಿಯಂಥ ಉಗುರು. ಹುಲ್ಲು ಮೇಯುವುದು, ಬಿಲ ತೋಡುವುದು, ಇವೆರಡು ಬಿಟ್ಟು ಬೇರೆ ಚಿಂತೆಯಿಲ್ಲದ ಜೀವ. ಆ ಮರಿ ಬಟ್ಟೆ ಒಗೆಯುವ ಕೋಣೆಯಲ್ಲಿ ಬೆಳೆದು, ಕಾಡಿಗೆ ಹೊರಡುವ ಮುಂಚೆ ಕೋಣೆಯ ಬಾಗಿಲನ್ನು ಕೆಳಗಿನಿಂದ ಅರ್ಧದವರೆಗೆ ಕೆರೆದು ಪುಡಿ ಮಾಡಿತ್ತು. ಗಂಡ ಲೆಸ್ ಸೇಬಿನ ತೋಟಗಳಲ್ಲಿ ದುಡಿಯುತ್ತಿದ್ದವನು, ಮಾತು ಕಡಿಮೆ. ಹೊಸ ಬಾಗಿಲು ಕೂರಿಸಿದ. ಎರಡನೆಯ ಮರಿ ಬಂದು ಅದನ್ನೂ ತಿಂದ ಮೇಲೆ, ಆ ಕೋಣೆಗೆ ಬಾಗಿಲೇ ಬೇಡ, ಒಗೆಯುವ ಬಟ್ಟೆಯನ್ನು ಯಾರು ಕದಿಯುತ್ತಾರೆ ಎಂದು ಸುಮ್ಮನಾದ.

ಕೊಡುವ ವಿಷಯದಲ್ಲಿ ವಾಲ್ಡಾಳ ಕೈಗೆ ಗಂಟು ಇರಲಿಲ್ಲ. ಬಾಣಂತಿಯ ಮನೆಗೆ ಸಾರು, ಸುಟ್ಟ ಮನೆಗೆ ಹೊದಿಕೆ, ಯಾರದೋ ಮಗಳ ಮದುವೆಗೆ ತನ್ನ ಮುತ್ತಿನ ಸರ. ಕೊಟ್ಟದ್ದು ವಾಪಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಇಂಥವರನ್ನು ಊರು ಬಾಯಿತುಂಬ ಹೊಗಳುತ್ತದೆ. ಕೊಡುವ ಚಟ ಕುಡಿಯುವ ಚಟದಷ್ಟೇ ಕೆಟ್ಟದ್ದಾಗಬಹುದು ಎಂದು ಯಾರೂ ಹೇಳುವುದಿಲ್ಲ. ವಾಲ್ಡಾಳಿಗೂ ಯಾರೂ ಹೇಳಲಿಲ್ಲ.

ಬಸ್ಸಿನ ಕೆಲಸ ಬಿಟ್ಟ ವರ್ಷವೇ ಕಣಿವೆಗೆ ಕಜ್ಜಿ ಬಂತು. ಕಣ್ಣಿಗೆ ಕಾಣದ ಹುಳವೊಂದು ವೊಂಬ್ಯಾಟಿನ ಚರ್ಮಕ್ಕೆ ಹೊಕ್ಕರೆ ಮೈ ಹಕ್ಕಳೆಗಟ್ಟಿ, ಕಣ್ಣು ಕಿವಿ ಮುಚ್ಚಿ, ಕತ್ತಲಲ್ಲಿ ಮೇಯಬೇಕಾದ ಪ್ರಾಣಿ ಹಗಲಲ್ಲೇ ಕುರುಡಾಗಿ ತಿರುಗಿ, ಕೆರೆದು ಕೆರೆದು ಸಾಯುತ್ತದೆ. ದನಗಳ ಬೆನ್ನಿಗೆ ಹುಳಕ್ಕೆಂದು ಸುರಿಯುವ ಔಷಧ ಇದಕ್ಕೂ ಆಗುತ್ತದೆಂದು ಯಾರೋ ಹೇಳಿದರು. ಹಿಡಿದು ಸುರಿಯುವುದು ಆಗದ ಮಾತು. ಅದಕ್ಕೆ ಊರಿನವರು ಒಂದು ಉಪಾಯ ಮಾಡಿದರು. ಚುನಾವಣೆ ಮುಗಿದ ಮೇಲೆ ಬೇಲಿಗಳಲ್ಲಿ ಉಳಿಯುವ ಅಭ್ಯರ್ಥಿಗಳ ಪ್ಲಾಸ್ಟಿಕ್ ಹಲಗೆಗಳನ್ನು ಕತ್ತರಿಸಿ ಬಿಲದ ಬಾಯಿಗೆ ತೂಗುಬಾಗಿಲು ಮಾಡುವುದು, ಅದರ ಮೇಲೊಂದು ಹಾಲಿನ ಬಾಟಲಿಯ ಮುಚ್ಚಳದಲ್ಲಿ ಔಷಧ ತುಂಬಿಡುವುದು. ವೊಂಬ್ಯಾಟ್ ಅಭ್ಯರ್ಥಿಯ ನಗುಮುಖವನ್ನು ತಲೆಯಿಂದ ಗುದ್ದಿ ಹೊರಗೆ ಬರುವಾಗ ಮುಚ್ಚಳ ಮಗುಚಿ ಔಷಧ ಬೆನ್ನಿಗೆ ಬೀಳುತ್ತದೆ. ಗೆದ್ದವರಿಗಿಂತ ಸೋತವರೇ ಈ ಊರಿಗೆ ಹೆಚ್ಚು ಉಪಕಾರ ಮಾಡಿದ್ದು ಎನ್ನುತ್ತಿದ್ದ ಲೆಸ್.

ಕೆಲವು ವಾಸಿಯಾದವು, ಕೆಲವು ಸತ್ತವು. ವಾಸಿಯಾದದ್ದು ಔಷಧದಿಂದಲೇ ಎಂದು ವಾಲ್ಡಾಳಿಗೆ ಸಂಶಯವಿರಲಿಲ್ಲ. ಆದರೆ ವನ್ಯಜೀವಿ ಇಲಾಖೆಗೆ ಪುರಾವೆ ಬೇಕಿತ್ತು. ಪುರಾವೆಯಿಲ್ಲದೆ ಅನುಮತಿಯಿಲ್ಲ, ಅನುಮತಿಯಿಲ್ಲದೆ ಬೇರೆ ಕಣಿವೆಗಳಿಗೆ ಔಷಧವಿಲ್ಲ. ವಿಲ್ಬಿಯವರು ಕದ್ದುಮುಚ್ಚಿ ಮಾಡುವುದನ್ನು ಅಧಿಕಾರಿಗಳು ಕಂಡೂ ಕಾಣದಂತಿದ್ದರು, ಅಷ್ಟೇ.

ಟೀಗನ್ ಬೋವರ್ಮನ್ ಬಂದದ್ದು ಆಗ. ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಹುಡುಗಿ, ತೆಳ್ಳಗೆ, ಉಗುರು ಕಚ್ಚುವ ಅಭ್ಯಾಸ. ಇದೇ ಪುರಾವೆಯನ್ನು ಹುಡುಕಬೇಕೆಂದು ಹೊರಟವಳಿಗೆ ಸರ್ಕಾರದ ನಿಧಿಯವರು ಬರಿಗೈಯಲ್ಲಿ ಕಳಿಸಿದ್ದರು. ವೊಂಬ್ಯಾಟ್ ಕುರಿಯಲ್ಲ, ಉಣ್ಣೆ ಕೊಡುವುದಿಲ್ಲ; ಅದರ ಕಜ್ಜಿಗೆ ಯಾರು ದುಡ್ಡು ಸುರಿಯುತ್ತಾರೆ? ಅವಳು ವಿಲ್ಬಿಯ ಸಭೆ ಸೇರುವ ಹಾಲಿಗೆ ಬಂದು ಊರಿನವರ ಮುಂದೆ ನಿಂತಳು.

ಡೋರನ್ ಹಳ್ಳದ ಎರಡು ದಡದಲ್ಲೂ ಬಿಲಗಳಿವೆ. ಮೂಡಣ ದಡದ ಬಿಲಗಳಿಗೆ ಔಷಧ, ಪಡುವಣ ದಡದ ಬಿಲಗಳಿಗೆ ಬರೀ ನೀರು. ಎರಡಕ್ಕೂ ಔಷಧ ಹಾಕಿದರೆ ವಾಸಿಯಾದದ್ದು ಔಷಧದಿಂದಲೋ ಆ ವರ್ಷ ಹುಲ್ಲು ಚೆನ್ನಾಗಿ ಬಂದದ್ದರಿಂದಲೋ ಹೇಳಲಾಗುವುದಿಲ್ಲ ಎಂದು ಅವಳು ವಿವರಿಸಿದಳು. ಮಾಂಸದಂಗಡಿಯ ಟ್ರಿಫಿಟ್ ಎದ್ದ.

"ಅಂದ್ರೆ ಪಡುವಣ ದಡದವು ಸಾಯ್ಲಿ ಅಂತ ನಾವು ಕೈಯಾರೆ ದುಡ್ಡು ಕೊಡ್ಬೇಕು, ಅಲ್ವಾ?"

"ಕೆಲವು ಸಾಯ್ತವೆ. ಹೌದು," ಎಂದಳು ಟೀಗನ್.

ಅವಳು ಮಾತಿಗೆ ಬೆಣ್ಣೆ ಸವರಲಿಲ್ಲವಲ್ಲ, ಅದು ವಾಲ್ಡಾಳಿಗೆ ಹಿಡಿಸಿತು. ಎಲ್ಲರಿಗಿಂತ ಮೊದಲು ಅವಳೇ ಕೈಯೆತ್ತಿದಳು. ವಾಲ್ಡಾಳ ಕೈ ಎದ್ದ ಮೇಲೆ ಉಳಿದವರದು ಏಳದೆ ಇರುವುದುಂಟೇ?

ಆಮೇಲೆ ವಿಲ್ಬಿ ಟೀಗನ್‌ಳನ್ನು ಸಾಕಿತು ಎಂದೇ ಹೇಳಬೇಕು. ಹಳೆಯ ಬಟ್ಟೆಬರೆ ಮಾರುವ ದಾನದಂಗಡಿಯನ್ನು ನಡೆಸುತ್ತಿದ್ದವಳು ವಾಲ್ಡಾಳ ಬಾಲ್ಯದ ಗೆಳತಿ ಗ್ಲೆನಿಸ್. ಅಂಗಡಿಯ ಗಳಿಕೆಯೆಲ್ಲ ಈ ಹುಡುಗಿಯ ಓದಿಗೆ ಹೋಯಿತು. ಗುರುವಾರ ಪಬ್ಬಿನಲ್ಲಿ ಟ್ರಿಫಿಟ್ ಕೊಟ್ಟ ಮಾಂಸದ ತಟ್ಟೆಗೆ ಲಾಟರಿ, ಶನಿವಾರ ಬೀದಿಯಲ್ಲಿ ಸಾಸೇಜು ಸುಟ್ಟು ಬ್ರೆಡ್ಡಿನಲ್ಲಿಟ್ಟು ಮಾರುವುದು. ವಾಲ್ಡಾ ತಮ್ಮ ಕಾರವಾನನ್ನೇ ಕೊಟ್ಟಳು. ಲೆಸ್ ನಿವೃತ್ತನಾದ ಮೇಲೆ ಇಬ್ಬರೂ ಸಮುದ್ರ ದಾಟಿ ಆಚೆಯ ದೊಡ್ಡ ಖಂಡವನ್ನೆಲ್ಲ ಸುತ್ತಿ ಬರಬೇಕೆಂದು ಕೊಂಡಿದ್ದ ಗಾಡಿಮನೆ ಅದು. ಹಳ್ಳದ ಪಕ್ಕ ಅದನ್ನು ನಿಲ್ಲಿಸಿ ಟೀಗನ್‌ಗೆ ಬೀಗದ ಕೈ ಕೊಟ್ಟರು. ತನಗೆ ಊರು ಸುತ್ತುವ ಹುಚ್ಚು ಯಾವತ್ತೂ ಇರಲಿಲ್ಲ, ಬಚಾವಾದೆ ಎಂದ ಲೆಸ್. ಅದು ಪೂರ್ತಿ ನಿಜವಲ್ಲ. ಊಟಕ್ಕೆ ಹುಡುಗಿ ಇವರ ಮನೆಗೇ ಬರುತ್ತಿದ್ದಳು, ಹುರಿದ ಕುರಿಮಾಂಸಕ್ಕೆ ಪುದೀನ ಚಟ್ನಿ ಹಾಕಿಕೊಂಡು ತಟ್ಟೆ ನೆಕ್ಕುತ್ತಿದ್ದಳು.

ಮುಚ್ಚಳಗಳಿಗೆ ವಾರಕ್ಕೊಮ್ಮೆ ತುಂಬುವ ಕೆಲಸವನ್ನು ಊರಿನವರೇ ಹಂಚಿಕೊಂಡರು. ಪಡುವಣ ದಡದ ಕೆಳಗಿನ ತಿರುವು ವಾಲ್ಡಾಳ ಪಾಲಿಗೆ, ಮೇಲಿನ ತಿರುವು ಗ್ಲೆನಿಸ್ ಮತ್ತು ಟ್ರಿಫಿಟ್ ಪಾಲಿಗೆ ಬಂತು. ಟೀಗನ್ ಸಂಜೆ ಹೊತ್ತು ದುರ್ಬೀನು ಹಿಡಿದು ಒಂದೊಂದು ಪ್ರಾಣಿಯ ಮೈಯನ್ನೂ ನೋಡಿ, ಕಜ್ಜಿ ಎಷ್ಟು ಹರಡಿದೆ, ಎಷ್ಟು ಇಳಿದಿದೆ ಎಂದು ಗುರುತು ಹಾಕಿಕೊಳ್ಳುತ್ತಿದ್ದಳು. ಅವಳು ಪ್ರಾಣಿಗಳಿಗೆ ನಂಬರು ಕೊಟ್ಟಿದ್ದಳು. ವಾಲ್ಡಾ ಹೆಸರು ಕೊಟ್ಟಿದ್ದಳು.

ಡಚೆಸ್ ಎಂಬ ಹೆಣ್ಣು ವೊಂಬ್ಯಾಟ್ ಒಂದು ಮಧ್ಯಾಹ್ನ ಬಿಸಿಲಲ್ಲಿ ಬಿಲದ ಹೊರಗೆ ಕೂತಿತ್ತು. ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿತ್ತು. ಚೀಲದಲ್ಲಿ ಮರಿಯಿತ್ತು, ಕೆಳಗೆ ಜೋತ ಚೀಲ ಅಲುಗುತ್ತಿದ್ದುದು ವಾಲ್ಡಾಳಿಗೆ ಚೆನ್ನಾಗಿ ಕಂಡಿತು. ಬಾಟಲಿಯಲ್ಲಿದ್ದದ್ದು ನೀರು. ಮನೆಯ ಕೊಟ್ಟಿಗೆಯಲ್ಲಿ, ದನವಿದ್ದಾಗ ತಂದಿಟ್ಟ ಔಷಧದ ಡಬ್ಬವಿತ್ತು. ಟೀಗನ್ ಆ ದಿನ ಪಟ್ಟಣಕ್ಕೆ ಹೋಗಿದ್ದಳು. ಇದೊಂದೇ ಅಲ್ವಾ, ಎಂದು ವಾಲ್ಡಾ ತನಗೆ ತಾನೇ ಹೇಳಿಕೊಂಡು ಮನೆಗೆ ಹೋಗಿ ಬಂದಳು. ಔಷಧ ಸುರಿದು ಹಿಂದಿರುಗುವಾಗ ಎದೆ ಹಗುರವಾಗಿತ್ತು. ತಪ್ಪು ಮಾಡಿದೆನೆಂದು ಒಂದಿಷ್ಟೂ ಅನ್ನಿಸಲಿಲ್ಲ. ಮಾರನೆಯ ವಾರ ಪಕ್ಕದ ಬಿಲದ್ದು ಕೆರೆದುಕೊಳ್ಳುತ್ತಿತ್ತು. ಡಚೆಸ್‌ಗೆ ಒಂದು ನ್ಯಾಯ, ಇದಕ್ಕೊಂದು ನ್ಯಾಯವೇ? ಅದಕ್ಕೂ ಹಾಕಿದಳು. ಬೇಸಿಗೆ ಮುಗಿಯುವಷ್ಟರಲ್ಲಿ ಕೆಳಗಿನ ತಿರುವಿನಲ್ಲಿ ನೀರು ಕುಡಿಯುತ್ತಿದ್ದದ್ದು ಹುಲ್ಲೊಂದೇ.

ಡಬ್ಬ ಖಾಲಿಯಾಗುತ್ತಿದ್ದುದು ಲೆಸ್‌ಗೆ ಕಾಣದೆ ಇರಲಿಲ್ಲ. ದನ ಮಾರಿ ಮೂರು ವರ್ಷವಾಯ್ತು, ಆದರೂ ಔಷಧ ಕುಡೀತಾ ಇವೆ, ಭೂತಗಳಿರಬೇಕು ಎಂದು ಒಮ್ಮೆ ಅಂದ. ವಾಲ್ಡಾ ಕೇಳಿಸದವಳಂತೆ ಆಲೂಗೆಡ್ಡೆ ಸುಲಿದಳು.

ಚಳಿ ಶುರುವಾದಾಗ ಟೀಗನ್ ಲೆಕ್ಕ ಹಾಕಿ ಮುಗಿಸಿದಳು. ಆ ಸಂಜೆ ಊಟಕ್ಕೆ ಬಂದವಳು ತಟ್ಟೆ ಮುಟ್ಟಲಿಲ್ಲ. ಮೂಡಣ ದಡದವು ವಾಸಿಯಾಗಿದ್ದವು. ಪಡುವಣ ದಡದವೂ ಅಷ್ಟೇ ವಾಸಿಯಾಗಿದ್ದವು. ಅಂದರೆ ಔಷಧ ಹಾಕಿದರೂ ಒಂದೇ, ಹಾಕದಿದ್ದರೂ ಒಂದೇ.

"ನಾನು ಹಾಗೇ ಬರೀಬೇಕು, ವಾಲ್ಡಾ," ಎಂದಳು. "ಔಷಧದಿಂದ ಏನೂ ಉಪಯೋಗ ಇಲ್ಲ ಅಂತ. ಇಲಾಖೆಯವರು ಇನ್ಮೇಲೆ ಯಾವ ಕಣಿವೇಲೂ ಅದನ್ನ ಬಳಸೋಕೆ ಬಿಡಲ್ಲ. ನಿಮ್ಮನ್ನೂ ನಿಲ್ಲಿಸ್ತಾರೆ. ಊರಿನವರಿಗೆ ಹೇಗೆ ಮುಖ ತೋರಿಸ್ಲಿ?"

ತಾನು ಕೆಲವು ಪ್ರಾಣಿಗಳನ್ನು ಉಳಿಸಿದೆನೆಂದು ವಾಲ್ಡಾ ಆವರೆಗೆ ತಿಳಿದಿದ್ದಳು. ಈ ದ್ವೀಪದ ಅಷ್ಟೂ ಕಣಿವೆಗಳ ವೊಂಬ್ಯಾಟುಗಳಿಗೆ ಔಷಧದ ದಾರಿಯನ್ನೇ ಮುಚ್ಚಿದ್ದೆನೆಂದು ಆ ಕ್ಷಣ ಅರ್ಥವಾಯಿತು. ಹುಡುಗಿ ಎದ್ದು ಹೋದ ಮೇಲೆ ಲೆಸ್ ಅವಳ ಪಾಲಿನ ಮಾಂಸವನ್ನು ನಾಯಿಗೆ ಹಾಕಿ ಬಂದು ಕೂತ.

"ನೀನು ಹೇಳ್ತೀಯೋ, ಇಲ್ಲ ಭೂತಗಳೇ ಬಂದು ಹೇಳ್ಬೇಕೋ?"

ಬೆಳಿಗ್ಗೆ ಇಬ್ಬನಿಯಲ್ಲಿ ವಾಲ್ಡಾ ಕಾರವಾನಿನ ಬಾಗಿಲು ತಟ್ಟಿದಳು. ಒಳಗೆ ಹೋಗಿ ಕೂರಲಿಲ್ಲ, ನಿಂತೇ ಹೇಳಿದಳು. ಕೆಳಗಿನ ತಿರುವಿನ ಎಲ್ಲ ಬಿಲಗಳಿಗೂ ಔಷಧ ಹಾಕಿದ್ದೇನೆ. ಬೇಸಿಗೆಯಿಂದ. ಟೀಗನ್ ಕೂಗಾಡಿದ್ದರೆ ವಾಲ್ಡಾಳಿಗೆ ಸುಲಭವಾಗುತ್ತಿತ್ತು. ಹುಡುಗಿ ಕೂಗಾಡಲಿಲ್ಲ. ಕೆಟಲ್ ಆರಿಸಿದಳು.

"ನೀವೇ ದುಡ್ಡು ಕೊಟ್ಟು ಪ್ರಶ್ನೆ ಕೇಳಿಸಿದ್ರಿ, ವಾಲ್ಡಾ. ಉತ್ತರ ಬರೋಕೆ ಬಿಡಲಿಲ್ಲ."

ವಾಲ್ಡಾ ಕಾಲಿನ ಬೂಟನ್ನು ನೋಡುತ್ತ ನಿಂತಳು. ಟೀಗನ್ ಹುಬ್ಬು ಗಂಟಿಕ್ಕಿಕೊಂಡು, ಮೇಲಿನ ತಿರುವಿನ ಬಿಲಗಳಿಗೂ ಹಾಕಿದಿರಾ ಎಂದು ಕೇಳಿದಳು. ಇಲ್ಲ, ಆ ಕಡೆ ತಾನು ಹೋಗಿಯೇ ಇಲ್ಲ ಎಂದಳು ವಾಲ್ಡಾ. ಆದರೆ ಮೇಲಿನವೂ ವಾಸಿಯಾಗಿದ್ದವು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಭಾನುವಾರ ಹಾಲಿನಲ್ಲಿ ಸಭೆ ಕರೆದರು. ಊರು ದುಡ್ಡು ಕೊಟ್ಟಿದೆ, ಊರಿಗೆ ಹೇಳಬೇಕು ಎಂದು ವಾಲ್ಡಾಳೇ ಪಟ್ಟು ಹಿಡಿದಳು. ಎದ್ದು ನಿಂತು ಸುತ್ತುಬಳಸದೆ ಹೇಳಿಬಿಟ್ಟಳು. ಒಂದು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು, ತೊಳೆದವಳು ನಾನು ಎಂದಳು. ಗ್ಲೆನಿಸ್ ಕುರ್ಚಿಯಿಂದ ಮೇಲೆದ್ದಳು. ನಾಲಿಗೆಯಲ್ಲಿ ಗ್ಲೆನಿಸ್‌ಳನ್ನು ಗೆದ್ದವರು ಆ ಊರಿನಲ್ಲಿ ಹುಟ್ಟಿಲ್ಲ.

"ಬೇಲೀನೇ ಎದ್ದು ಹೊಲ ಮೇಯ್ದಂಗಾಯ್ತಲ್ಲೇ ವಾಲ್ಡಾ! ಮೊದ್ಲು ಕೈ ಎತ್ತಿದೋಳು ನೀನು. ನಾನು ಅಂಗಡೀಲಿ ಕಂಡೋರ ಹಳೇ ಚಡ್ಡಿ ಮಡಚಿ ಮಡಚಿ ಸೊಂಟ ಬಿದ್ದೋಯ್ತು, ಇದಕ್ಕಾ?"

ಟೀಗನ್ ಮೆಲ್ಲಗೆ ಕೇಳಿದಳು: ಹಾಗಾದರೆ ಮೇಲಿನ ತಿರುವಿನವು ಹೇಗೆ ವಾಸಿಯಾದವು?

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಗ್ಲೆನಿಸ್ ಟ್ರಿಫಿಟ್ ಕಡೆ ನೋಡಿದಳು. ಟ್ರಿಫಿಟ್ ಛಾವಣಿಯ ಫ್ಯಾನು ನೋಡಿದ. ಗ್ಲೆನಿಸ್‌ಳ ಕತ್ತು ಕೆಂಪಾಯಿತು, ಆಮೇಲೆ ಕಿವಿ, ಆಮೇಲೆ ಇಡೀ ಮುಖ.

"ಒಂದಕ್ಕೆ ಮಾತ್ರ ಹಾಕಿದ್ದು," ಎಂದಳು.

"ನಾನೂ ಒಂದಕ್ಕೇ," ಎಂದ ಟ್ರಿಫಿಟ್. ಸ್ವಲ್ಪ ತಡೆದು, "ಮೊದ್ಲು" ಎಂದು ಸೇರಿಸಿದ.

ಹಿಂದಿನ ಸಾಲಿನಿಂದ ಇನ್ನೊಂದು ಕೈ ಎದ್ದಿತು. ಅದರ ಪಕ್ಕ ಇನ್ನೊಂದು. ಇವರಾರಿಗೂ ಪಡುವಣ ದಡದಲ್ಲಿ ಕೆಲಸವೇ ಇರಲಿಲ್ಲ. ಅದಕ್ಕೆಂದೇ ಅಷ್ಟು ದೂರ ನಡೆದು ಹೋಗಿದ್ದರು. ಪಡುವಣ ದಡದ ಕೆಲವು ವೊಂಬ್ಯಾಟುಗಳಿಗೆ ಮೂಡಣ ದಡದವಕ್ಕಿಂತ ಹೆಚ್ಚು ಔಷಧ ಸಿಕ್ಕಿತ್ತು. ಟೀಗನ್ ಮೊದಲು ತಲೆಯ ಮೇಲೆ ಕೈಹೊತ್ತು ಕೂತಳು. ಆಮೇಲೆ ನಗಲು ಶುರು ಮಾಡಿದಳು. ಅವಳು ನಕ್ಕ ಮೇಲೆ ಹಾಲಿಗೆ ಹಾಲೇ ನಕ್ಕಿತು. ವಾಲ್ಡಾ ನಗಲಿಲ್ಲ. ಉಳಿದವರು ತನ್ನ ಹಾಗೆ ತಪ್ಪು ಮಾಡಿದ್ದಾರೆಂದು ಅವಳ ತಪ್ಪು ಹಗುರವಾಗಲಿಲ್ಲ.

ಮತ್ತೊಂದು ವರ್ಷ ಎಂದು ತೀರ್ಮಾನವಾಯಿತು. ಮತ್ತೆ ಲಾಟರಿ, ಮತ್ತೆ ಸಾಸೇಜು, ಮತ್ತೆ ಹಳೇ ಚಡ್ಡಿ. ಊರಿನ ಕೊಟ್ಟಿಗೆಗಳಲ್ಲಿದ್ದ ಔಷಧದ ಡಬ್ಬಗಳನ್ನೆಲ್ಲ ತಂದು ಪಬ್ಬಿನ ನೆಲಮಾಳಿಗೆಯಲ್ಲಿಟ್ಟು ಬೀಗ ಹಾಕಿದರು. ಬೀರಿನ ಪಕ್ಕ ಇಟ್ಟರೆ ಕಾವಲಿಗೆ ಜನ ತಾವಾಗಿ ಸಿಗುತ್ತಾರೆ ಎಂದು ಲೆಸ್‌ನ ಲೆಕ್ಕ. ಪಡುವಣ ದಡದ ಕೆಲಸಕ್ಕೆ ಯಾರು ಎಂಬ ಪ್ರಶ್ನೆ ಬಂದಾಗ ಯಾರೂ ಮುಂದೆ ಬರಲಿಲ್ಲ. ವಾಲ್ಡಾ ಬಂದಳು. ಪೂರ್ತಿ ದಡ ತನಗೇ ಇರಲಿ ಎಂದಳು. ಟೀಗನ್ ಅನುಮಾನಿಸಿದಳು, ಆದರೆ ಬೇಡವೆನ್ನಲಿಲ್ಲ.

ಆ ಬೇಸಿಗೆ ವಾಲ್ಡಾ ನೀರು ಹಾಕಿದಳು. ಕೆರೆಯುವವಕ್ಕೆ ಹಾಕಿದಳು, ಕುರುಡಾದವಕ್ಕೆ ಹಾಕಿದಳು. ಒಂದೆರಡು ತೀರ ನರಳತೊಡಗಿದಾಗ ಪಶುವೈದ್ಯರು ಬಂದು ಗುಂಡಿಕ್ಕಿ ಬಿಡುಗಡೆ ಮಾಡಿದರು. ವಾಲ್ಡಾ ಮನೆಗೆ ಬಂದರೆ ಲೆಸ್ ಚಹಾ ಮಾಡಿ ಮುಂದಿಡುತ್ತಿದ್ದ.

ಅವಳು ಸಾಕಿ ಬಿಟ್ಟ ಮರಿಗಳಲ್ಲಿ ಟಾಫಿ ಕೊನೆಯದು. ಬಿಟ್ಟದ್ದು ಮೂಡಣ ದಡಕ್ಕೆ. ಹಳ್ಳಕ್ಕೆ ಅಡ್ಡಬಿದ್ದ ಮರದ ಮೇಲೆ ದಾಟಿ ಅದು ಯಾವಾಗಲೋ ಪಡುವಣಕ್ಕೆ ಬಂದು ಬಿಲ ಹಿಡಿದಿತ್ತು. ಯಾವ ದಡಕ್ಕೆ ಹೋಗಬೇಕೆಂದು ಅದಕ್ಕೆ ಹೇಳುವವರು ಯಾರು? ಶರತ್ಕಾಲದಲ್ಲಿ ಅದರ ಪಕ್ಕೆಯ ಕೂದಲು ಉದುರಿತು. ವಾಲ್ಡಾಳ ಸದ್ದು ಕೇಳಿದರೆ ಈಗಲೂ ಹತ್ತಿರ ಬಂದು ಬೂಟಿಗೆ ಮೂತಿ ಉಜ್ಜುತ್ತಿತ್ತು. ಮೈಯ ಹಕ್ಕಳೆ ಬೂಟಿಗೆ ಅಂಟುತ್ತಿತ್ತು.

ಆ ಸಂಜೆ ಟೀಗನ್ ಕೂಡ ಜೊತೆಗಿದ್ದಳು. ವಾಲ್ಡಾ ಬಾಟಲಿ ಹಿಡಿದು ಬಿಲದ ಮುಂದೆ ಕೂತದ್ದನ್ನು ನೋಡಿ, ಉಗುರು ಕಚ್ಚುತ್ತ ನಿಂತಿದ್ದವಳು ಪಕ್ಕಕ್ಕೆ ಬಂದು ಕುಕ್ಕರಗಾಲಲ್ಲಿ ಕೂತಳು.

"ಇದನ್ನ ಲೆಕ್ಕದಿಂದ ತೆಗೆದುಬಿಡ್ತೀನಿ. ತೆಗೀಬಾರದು, ಆದ್ರೂ ತೆಗೀತೀನಿ. ಪಬ್ಬಿನಿಂದ ನಾನೇ ಔಷಧ ತರ್ತೀನಿ. ಯಾರಿಗೂ ಗೊತ್ತಾಗಲ್ಲ, ವಾಲ್ಡಾ. ಇದೊಂದೇ ಅಲ್ವಾ."

ವಾಲ್ಡಾ ಟಾಫಿಯ ಕಿವಿಯ ಹಿಂದೆ ಕೆರೆದಳು.

"ಹೋದ ವರ್ಷ ಡಚೆಸ್ ಮುಂದೆ ಕೂತು ನಾನೂ ಅದನ್ನೇ ಅಂದಿದ್ದೆ ಮಗಾ. ಇದೊಂದೇ ಅಲ್ವಾ ಅಂತ."

ಬಾಟಲಿ ಎತ್ತಿ ಮುಚ್ಚಳಕ್ಕೆ ನೀರು ತುಂಬಿದಳು. ಅರ್ಧ ಚೆಲ್ಲಿತು. ಮತ್ತೆ ತುಂಬಿದಳು.

ಟಾಫಿ ಚಳಿಗಾಲ ಕಳೆಯಲಿಲ್ಲ. ಬಿಲದೊಳಗೇ ಸತ್ತಿತು.

ವಸಂತದಲ್ಲಿ ಉತ್ತರ ಬಂತು. ಮೂಡಣ ದಡದವು ಹೆಚ್ಚುಕಡಿಮೆ ಎಲ್ಲ ವಾಸಿ. ಪಡುವಣ ದಡದಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತಿದ್ದವು. ಇದಕ್ಕಿಂತ ಸ್ಪಷ್ಟವಾಗಿ ಯಾರೂ ಏನನ್ನೂ ಹೇಳಲಾಗದು ಎಂದಳು ಟೀಗನ್. ಅವಳ ವಿಶ್ವವಿದ್ಯಾಲಯ ಒಪ್ಪಿತು, ಇಲಾಖೆ ಒಪ್ಪಿತು. ಬೇರೆ ಕಣಿವೆಗಳಿಗೂ ಔಷಧ ಕೊಡುವುದೆಂದು ತೀರ್ಮಾನವಾದ ದಿನ ಹಾಲಿನಲ್ಲಿ ಗ್ಲೆನಿಸ್ ಕೇಕು ಕತ್ತರಿಸಿದಳು. ಎಲ್ಲರೂ ವಾಲ್ಡಾಳಿಗಾಗಿ ಕಾದರು. ವಾಲ್ಡಾ ಬರಲಿಲ್ಲ.

ಅವಳು ಪಬ್ಬಿನಿಂದ ಡಬ್ಬ ಇಸಿದುಕೊಂಡು ನೆಟ್ಟಗೆ ಪಡುವಣ ದಡಕ್ಕೆ ಹೋಗಿದ್ದಳು. ಟೀಗನ್ ಹುಡುಕಿಕೊಂಡು ಬರುವಷ್ಟರಲ್ಲಿ ಮೇಲಿನ ತಿರುವು ಮುಗಿಸಿ ಕೆಳಗೆ ಇಳಿದಿದ್ದಳು. ಜೀವವಿದ್ದ ಒಂದೊಂದು ಬಿಲಕ್ಕೂ ಔಷಧ ತುಂಬುತ್ತ, ಖಾಲಿ ಬಿಲಗಳನ್ನು ದಾಟುತ್ತ ಬಂದವಳು ಟಾಫಿಯ ಬಿಲದ ಮುಂದೆ ನಿಂತಳು. ಬಿಲದ ಬಾಯಿಗೆ ಜೇಡ ಬಲೆ ಕಟ್ಟಿತ್ತು.

"ಇಲ್ಲಿ ಯಾರೂ ಇಲ್ಲ, ವಾಲ್ಡಾ," ಎಂದಳು ಟೀಗನ್.

"ಗೊತ್ತು ಮಗಾ."

ಅಲ್ಲೇ ಹುಲ್ಲಿನ ಮೇಲೆ ಕೂತು ಅತ್ತಳು. ಎರಡು ವರ್ಷದಲ್ಲಿ ಅದೇ ಮೊದಲು. ಟೀಗನ್ ಡಬ್ಬವನ್ನು ತಾನು ಹಿಡಿದುಕೊಂಡು ನಿಂತಳು. ಅಳು ನಿಂತ ಮೇಲೆ ವಾಲ್ಡಾ ಎದ್ದು, ಸ್ಕರ್ಟಿಗೆ ಅಂಟಿದ ಹುಲ್ಲು ಕೊಡವಿ, ಅವಳ ಕೈಯಿಂದ ಡಬ್ಬ ಇಸಿದುಕೊಂಡಳು. ಮುಂದಿನ ಬಿಲದಲ್ಲಿ ಒಂದು ಬದುಕಿತ್ತು.